ಮಹಿಳಾ ಸದಸ್ಯರು ಸಭೆಯಲ್ಲಿ ಮಾತನಾಡದಿದ್ದರೆ

"ಸಮಿತಿಯಲ್ಲಿ ಅರ್ಧದಷ್ಟು ಮಹಿಳೆಯರಿದ್ದರೂ ಯಾರೂ ಬಾಯಿ ಬಿಡುವುದಿಲ್ಲ, ಮತ್ತೆ ಮೀಸಲಾತಿ ಏಕೆ?" ಎಂದು ಕೇಳಿದ್ದೀರಿ. ಮೀಸಲಾತಿಯನ್ನು ಅಷ್ಟು ಬೇಗ ತಳ್ಳಿಹಾಕಬೇಡಿ. ಆಫ್ರಿಕಾದ ರುವಾಂಡಾ 2003ರ ಸಂವಿಧಾನದಲ್ಲಿ ಮಹಿಳೆಯರಿಗೆ ಕನಿಷ್ಠ ಶೇ 30ರಷ್ಟು ಸ್ಥಾನ ಮೀಸಲಿಟ್ಟಿತು. 2008ರ ಚುನಾವಣೆಯ ಹೊತ್ತಿಗೆ ಸಂಸತ್ತಿನ ಕೆಳಮನೆಯಲ್ಲಿ ಮಹಿಳೆಯರದೇ ಬಹುಮತ. ಆದರೆ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಅಧಿಕಾರ ಕೈಗೆ ಬಂತು ಎಂದಲ್ಲ, ಸಭೆ ನಡೆಸುವ ರೀತಿಯೂ ಬದಲಾಗಬೇಕು.

ನಿಮ್ಮ ಸಭೆ ಎಷ್ಟು ಗಂಟೆಗೆ? ರಾತ್ರಿ ಎಂಟಕ್ಕಾದರೆ ಅರ್ಧ ಉತ್ತರ ಅಲ್ಲೇ ಇದೆ: ಆ ಹೊತ್ತಿನಲ್ಲಿ ಮಕ್ಕಳ ಊಟ, ನಿದ್ದೆ ಯಾರ ತಲೆಯ ಮೇಲಿದೆ ಎಂದು ವಿಚಾರಿಸಿ. ಕಾರ್ಯಸೂಚಿಯನ್ನು ಮುಂಚೆಯೇ ಎಲ್ಲರಿಗೂ ಕಳುಹಿಸಿ. ಚರ್ಚೆಯ ಮೊದಲ ಸರದಿಯನ್ನು ಮಹಿಳೆಗೆ ಕೊಡಿ. ನಡುವೆ ಬಾಯಿ ಹಾಕುವವರನ್ನು ಅಧ್ಯಕ್ಷರು ತಡೆಯಲಿ. ನಡಾವಳಿ ಬರೆಯುವ ಕೆಲಸವನ್ನಂತೂ ಪ್ರತಿ ಬಾರಿಯೂ ಮಹಿಳೆಯರಿಗೇ ಅಂಟಿಸಬೇಡಿ. ತಲೆ ತಗ್ಗಿಸಿ ಬರೆಯುತ್ತಿರುವವರು ವಾದ ಮಾಡುವುದು ಯಾವಾಗ?