ಮೈಕ್ರೋವೇವ್‌ನಲ್ಲಿ ಮೊಟ್ಟೆ ಸಿಡಿಯದಿರಲು

ಮಗ್‌ನಲ್ಲಿ ನೀರು ಹಾಕಿ ಪೋಚ್ ಮಾಡಿದರೂ (ಅಂದರೆ ಚಿಪ್ಪು ಒಡೆದು ನೀರಿಗೆ ಬಿಟ್ಟು ಬೇಯಿಸಿದರೂ) ಪ್ರತಿ ಸಲ ಮೊಟ್ಟೆ ಸಿಡಿಯುತ್ತದೆ ಅಂದಿದ್ದೀರಿ. ಹಳದಿಗೆ ಚುಚ್ಚಿದ್ರಾ? ಅದರ ಸುತ್ತ ತೆಳುವಾದ ಪೊರೆ ಇರುತ್ತದೆ. ಒಳಗಿನ ನೀರಿನಂಶ ಆವಿಯಾಗಿ, ಹೊರಬರಲು ದಾರಿಯಿಲ್ಲದೆ ಅದನ್ನು ಒಡೆಯುತ್ತದೆ. ಟೂತ್‌ಪಿಕ್‌ನಿಂದ ಒಂದೆರಡು ಕಡೆ ಮೆಲ್ಲಗೆ ಚುಚ್ಚಿ. ಹಳದಿ ಹರಿದುಹೋಗುವುದಿಲ್ಲ, ಒಂದು ಚುಕ್ಕೆಯಷ್ಟು ಮೇಲೆ ಬರುತ್ತದೆ ಅಷ್ಟೇ.

ಅರ್ಧ ಕಪ್ ನೀರು ಸಾಕು, ಆದರೆ ಮೊಟ್ಟೆ ಪೂರ್ತಿ ಮುಳುಗಿರಬೇಕು. ಮೇಲೊಂದು ಪಿಂಗಾಣಿ ತಟ್ಟೆ ಮುಚ್ಚಿ. 800 ವ್ಯಾಟ್‌ನಲ್ಲಿ ನಾನು ಮೊದಲು 40 ಸೆಕೆಂಡ್ ಇಡುತ್ತೇನೆ. ಆಮೇಲೆ 10 ಸೆಕೆಂಡ್‌ಗೊಮ್ಮೆ ನೋಡುತ್ತೇನೆ. ಬಿಳಿ ಗಟ್ಟಿಯಾದ ಕೂಡಲೇ ನಿಲ್ಲಿಸಿ, ಜಾಸ್ತಿ ಆದರೆ ರಬ್ಬರ್ ಥರ ಆಗುತ್ತದೆ. ಒಂದು ನಿಮಿಷ ಹಾಗೇ ಬಿಡಿ. ಮುಖ ಹತ್ತಿರ ತರಬೇಡಿ, ಹೊರಗೆ ತೆಗೆದ ಮೇಲೂ ಸಿಡಿಯಬಹುದು.