ಮಗಳಿಗೆ ವಾಲಿಬಾಲ್ ಬಿಡಿಸಬೇಕಾ, ಮಂಡಿಗೆ ನೀ ಕ್ಯಾಪ್ ಹಾಕಿಸಿದರೆ ಸಾಕಾ?

ಎರಡೂ ಬೇಡ ಸರ್. ವಾಲಿಬಾಲ್ ಆಡುವ ನಿಮ್ಮ ಮಗಳು ಒಂಬತ್ತನೇ ಕ್ಲಾಸು, ಟೀಮಿನ ಇನ್ನೊಂದು ಹುಡುಗಿಯ ಮಂಡಿ ಹೋಗಿದೆ, ಮನೆಯಲ್ಲಿ ಎಲ್ಲರಿಗೂ ಭಯ ಅಂತ ಬರೆದಿದ್ದೀರಿ. ನೀವು ಬರೆದದ್ದನ್ನು ಓದುವಾಗ ನಮ್ಮಪ್ಪನೇ ಕೇಳಿದ ಹಾಗಾಯ್ತು.

ನಾನು ಆಡಿ ಬೆಳೆದದ್ದು ಹಾಸನದಲ್ಲಿ, ಸಾಲಗಾಮೆ ರಸ್ತೆಯ ಜಿಲ್ಲಾ ಕ್ರೀಡಾಂಗಣದಲ್ಲಿ. ಪಿಯುಸಿಯಲ್ಲಿದ್ದಾಗ ದಸರಾ ಕ್ರೀಡಾಕೂಟದ ವಿಭಾಗ ಮಟ್ಟದ ಪಂದ್ಯ. ಯಾರೂ ತಳ್ಳಲಿಲ್ಲ, ಯಾರ ಕಾಲೂ ತಾಗಲಿಲ್ಲ. ಸ್ಮ್ಯಾಶ್ ಹೊಡೆದು ಎಡಗಾಲೊಂದರ ಮೇಲೇ ಇಳಿದೆ. ಮಂಡಿ ಒಳಕ್ಕೆ ವಾಲಿ 'ಟಪ್' ಅಂದಿತು. ಉಳುಕಿದೆ ಅಂತ ಎಣ್ಣೆ ತಿಕ್ಕಿದರು. ಎಂಆರ್‌ಐ ಮಾಡಿಸಿದಾಗ ಎಸಿಎಲ್ ಹರಿದಿತ್ತು. ಮೊಣಕಾಲಿನ ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ ಹಿಡಿದಿಡುವ ಲಿಗಮೆಂಟ್, ಅಂದರೆ ಮೂಳೆಗೆ ಮೂಳೆ ಕಟ್ಟುವ ಪಟ್ಟಿ ಅದು. ಆ ವರ್ಷ ಆಪರೇಷನ್ನಿಗೂ ಫಿಸಿಯೋಗೂ ಹೋಯಿತು, ರಾಜ್ಯ ತಂಡದ ಆಸೆ ಅಲ್ಲಿಗೇ ನಿಂತಿತು.

ಹೊಟ್ಟೆ ಉರಿಯುವುದು ಯಾಕೆಂದರೆ, ಇದನ್ನು ತಡೆಯುವ ವ್ಯಾಯಾಮ ನನಗೆ ಗೊತ್ತಿತ್ತು. ಬೇಸಿಗೆ ಶಿಬಿರದಲ್ಲಿ ಒಬ್ಬರು ಕೋಚ್ ಕಲಿಸಿದ್ದರು. ಹಾರಿ ಎರಡೂ ಕಾಲಿನ ಮೇಲೆ, ಮಂಡಿ ಬಗ್ಗಿಸಿ, ಸದ್ದಾಗದಂತೆ ಇಳಿಯುವುದು. ಒಂಟಿಕಾಲಲ್ಲಿ ನಿಂತು ಬಾಲ್ ಹಿಡಿಯುವುದು. ಜೊತೆಯವರು ಹಿಮ್ಮಡಿ ಒತ್ತಿ ಹಿಡಿದಿರುವಾಗ ಮಂಡಿಯೂರಿ ನಿಧಾನಕ್ಕೆ ಮುಂದಕ್ಕೆ ಬಾಗುವುದು. ಮೊಣಕೈ, ಕಾಲ್ಬೆರಳುಗಳ ಮೇಲೆ ಮೈಯನ್ನು ನೇರವಾಗಿ ಹಿಡಿದಿರುವ ಪ್ಲ್ಯಾಂಕ್. ಬೇಸಿಗೆ ಪೂರ್ತಿ ಶ್ರದ್ಧೆಯಿಂದ ಮಾಡಿದೆ. ಪಂದ್ಯಗಳು ಶುರುವಾದ ಕೂಡಲೇ ಬಿಟ್ಟೆ. ನೆಟ್ ಸಿಗುವುದೇ ಸ್ವಲ್ಪ ಹೊತ್ತು, ಅದನ್ನು ಇದಕ್ಕೇಕೆ ಕಳೆಯಬೇಕು ಅನ್ನಿಸಿತು. ಸೈಕಲ್ ತುಳಿಯುವುದನ್ನು ಕಲಿತ ಹಾಗೆ, ಇಳಿಯುವುದನ್ನೂ ಒಮ್ಮೆ ಕಲಿತರೆ ಮುಗೀತು ಅಂದುಕೊಂಡಿದ್ದೆ.

ಹಾಗಲ್ಲ ಸರ್, ಇದೊಂದು ಮಾತು ದಯವಿಟ್ಟು ಗಮನವಿಟ್ಟು ಓದಿ. ಪಂದ್ಯದಲ್ಲಿ ಕಣ್ಣು ಬಾಲಿನ ಮೇಲಿರುತ್ತೆ, ಕಾಲಿನ ಮೇಲಲ್ಲ. ಪಾದ ನೆಲ ಮುಟ್ಟಿ ಸೆಕೆಂಡಿನ ಹತ್ತನೇ ಒಂದು ಭಾಗ ಕಳೆಯುವುದರೊಳಗೆ ಲಿಗಮೆಂಟ್ ಹರಿದಿರುತ್ತೆ. ಅಷ್ಟರಲ್ಲಿ ಯೋಚಿಸಿ ಮಂಡಿ ಸರಿಮಾಡಿಕೊಳ್ಳೋಕೆ ಯಾರಿಗೂ ಆಗಲ್ಲ. ತೊಡೆಯ ಹಿಂಭಾಗದ ಸ್ನಾಯು, ಸೊಂಟದ ಸ್ನಾಯು ತಾವಾಗೇ ಬಿಗಿಯಾಗಬೇಕು. ಆ ಅಭ್ಯಾಸ ವಾರವಾರ ಮಾಡುತ್ತಿದ್ದರೆ ಮಾತ್ರ ಉಳಿಯುತ್ತೆ, ಬಿಟ್ಟರೆ ಕರಗುತ್ತೆ. ನಾನು ಬಿಟ್ಟದ್ದು ಅತಿ ಹೆಚ್ಚು ಹಾರುವ, ಅತಿ ಹೆಚ್ಚು ದಣಿಯುವ ತಿಂಗಳುಗಳಲ್ಲಿ.

ಸ್ವೀಡನ್ನಿನಲ್ಲಿ 12ರಿಂದ 17 ವರ್ಷದ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಫುಟ್‌ಬಾಲ್ ಹುಡುಗಿಯರ ಮೇಲೆ ನಡೆಸಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ವಾರಕ್ಕೆರಡು ಸಲ, 15 ನಿಮಿಷ ಇಂಥದೇ ವಾರ್ಮ್ ಅಪ್, ಅದೂ ಪಂದ್ಯಗಳು ನಡೆಯುವ ಋತುವಿನ ಉದ್ದಕ್ಕೂ. ಎಸಿಎಲ್ ಗಾಯ ಶೇಕಡಾ 64ರಷ್ಟು ಇಳಿಯಿತು. ಬಿದ್ದಾಗ ತರಚುವುದನ್ನು ನೀ ಕ್ಯಾಪ್ ತಪ್ಪಿಸುತ್ತೆ, ಅಷ್ಟೇ.

'ಹೆಣ್ಣುಮಕ್ಕಳ ಮಂಡಿಯೇ ವೀಕು' ಅಂತ ನಿಮ್ಮ ತಾಯಿಯವರು ಅಂದರಂತೆ. ಹಾರುವ, ತಟ್ಟನೆ ತಿರುಗುವ ಆಟಗಳಲ್ಲಿ ಹುಡುಗರಿಗಿಂತ ಹುಡುಗಿಯರಿಗೆ ಈ ಗಾಯ ಹಲವು ಪಟ್ಟು ಹೆಚ್ಚು, ನಿಜ. ಮೂಳೆಯ ರಚನೆ ನಮ್ಮ ಕೈಯಲ್ಲಿಲ್ಲ. ಇಳಿಯುವ ರೀತಿ, ಸ್ನಾಯುವಿನ ಬಲ ನಮ್ಮ ಕೈಯಲ್ಲಿವೆ. ತಟಕ್ಕನೆ ಎತ್ತರ ಬೆಳೆಯುವ ವಯಸ್ಸು ನಿಮ್ಮ ಮಗಳದು. ಶುರುಮಾಡೋಕೆ ಇದೇ ಸಮಯ.

ಒಂದೇ ಒಂದು ಮೆಟ್ಟಿಲ ಮೇಲಿಂದ ಕೆಳಕ್ಕೆ ಹಾರಲು ಮಗಳಿಗೆ ಹೇಳಿ, ಎದುರಿನಿಂದ ಮೊಬೈಲಲ್ಲಿ ವಿಡಿಯೊ ಮಾಡಿ. ಇಳಿಯುವಾಗ ಮಂಡಿಗಳು ಒಂದಕ್ಕೊಂದು ತಾಗುವಂತೆ ಒಳಕ್ಕೆ ಬಂದರೆ ಆ ವಿಡಿಯೊವನ್ನು ಪಿಇ ಮೇಷ್ಟ್ರಿಗೇ ತೋರಿಸಿ, ಪ್ರಾಕ್ಟೀಸಿನ ಮೊದಲ ಕಾಲು ಗಂಟೆ ಇಡೀ ಟೀಮಿಗೆ ಇದನ್ನು ಮಾಡಿಸಿ ಅಂತ ಕೇಳಿ. ಒಪ್ಪದಿದ್ದರೆ ಮನೆಯಲ್ಲೇ ಆಗಲಿ, ನಮ್ಮ ಮಳೆಗಾಲದಲ್ಲಿ ಜಗಲಿ ಸಾಕು. ಟೂರ್ನಮೆಂಟ್ ಇದೆ ಅಂತ ಮಾತ್ರ ಈ ವ್ಯಾಯಾಮ ಬಿಡಿಸಬೇಡಿ.

ಮಂಡಿ ಹೋದ ಆ ಹುಡುಗಿಯ ಮನೆಯವರಿಗೂ ಹೇಳಿ: ಎಸಿಎಲ್ ಆಪರೇಷನ್ ಆಗಿದ್ದರೆ 9 ತಿಂಗಳು ಕಳೆಯುವ ಮೊದಲು, ಎರಡೂ ಕಾಲಿನ ಬಲ ಸಮವಾಗಿದೆ ಅಂತ ಫಿಸಿಯೋ ಪರೀಕ್ಷಿಸಿ ಹೇಳುವ ಮೊದಲು, ಅವಳನ್ನು ಯಾರು ಕರೆದರೂ ಕೋರ್ಟಿಗೆ ಕಳಿಸಬಾರದು.