ತಿರುಗಿ ಹೇಳಿಸೋದು ಪರೀಕ್ಷೆ ಅಲ್ಲ

ಥೈರಾಯ್ಡ್ ಮಾತ್ರೆ ಕೊಟ್ಟ ಫಾರ್ಮಸಿಸ್ಟ್ ನಿಮ್ಮ ತಾಯಿಗೆ "ಹೇಗೆ ತಗೋತೀರಿ, ನೀವೇ ಒಮ್ಮೆ ಹೇಳಿ" ಅಂದದ್ದು ಅವಮಾನವೇ ಅಂತ ಕೇಳಿದ್ದೀರಿ. ಖಂಡಿತ ಅಲ್ಲ, ಅವರು ಕೆಲಸ ಸರಿಯಾಗಿ ಮಾಡಿದ್ದಾರೆ. "ಅರ್ಥ ಆಯ್ತಾ?" ಅಂದರೆ ಎಲ್ಲರೂ ಸುಮ್ನೆ ತಲೆ ಆಡಿಸುತ್ತೇವೆ, ಅಲ್ವಾ? ತಿರುಗಿ ಹೇಳಿಸಿದರೇ ಎಲ್ಲಿ ತಪ್ಪಿದೆ ಅಂತ ಗೊತ್ತಾಗೋದು.

ಅದರಲ್ಲೂ ಲೆವೊಥೈರಾಕ್ಸಿನ್‌ಗೆ, ಅಂದರೆ ಈ ಥೈರಾಯ್ಡ್ ಮಾತ್ರೆಗೆ, ಕಟ್ಟುಪಾಡು ಜಾಸ್ತಿ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಬರೀ ನೀರಲ್ಲಿ ನುಂಗಿ, ತಿಂಡಿ ಕಾಫಿಗೆ ಮೊದಲು 30ರಿಂದ 60 ನಿಮಿಷ ಬಿಡಬೇಕು, ಮತ್ತೆ ತಾಯಿಯ ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ 4 ಗಂಟೆ ಅಂತರ ಇರಬೇಕು, ಇಲ್ಲದಿದ್ದರೆ ಔಷಧಿ ಹೊಟ್ಟೆಯೊಳಗೇ ಕ್ಯಾಲ್ಸಿಯಂಗೆ ಅಂಟಿಕೊಂಡು ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಕಬ್ಬಿಣಾಂಶದ ಮಾತ್ರೆಗೂ ಇದೇ ಮಾತು.

ಒಂದು ದಿನ ಮರೆತರೆ ಏನು ಮಾಡಬೇಕು ಅಂತಲೂ ಆ ಫಾರ್ಮಸಿಸ್ಟ್ ಅವರನ್ನೇ ಕೇಳಿಕೊಳ್ಳಿ.